ಚೌಕದಲ್ಲಿ ನಿಂತವರಿಗೆ ಆಧಾರ ಯಾವುದು?



ಕಲ್ಯಾಣ ಸ್ಟೇಷನ್ನಿನ ಹೊರಗೆ ರಿಕ್ಷಾ ಹತ್ತಿ "ಶಿವಾಜಿ ಚೌಕ" ಎಂದರೆ ಸಾಕು, ಬೇರೆ ವಿಳಾಸ ಬೇಕಾಗಿಲ್ಲ. ವಾಶಿಯಲ್ಲೂ ಒಂದು ಶಿವಾಜಿ ಚೌಕವಿದೆ. ಥಾಣೆಗೆ ಬಂದವರಿಗೆ ದಾರಿ ಹೇಳುವಾಗ "ಕೋರ್ಟ್ ನಾಕಾದಲ್ಲಿ ಅಂಬೇಡ್ಕರ್ ಪ್ರತಿಮೆ ಕಾಣುತ್ತದೆ, ಅಲ್ಲಿಂದ ಫೋನ್ ಮಾಡಿ" ಎನ್ನುತ್ತೇವೆ. ಇಪ್ಪತ್ತು ಮೂವತ್ತು ವರ್ಷಗಳಿಂದ ಈ ಕಡೆ ಸಂಸಾರ ಹೂಡಿರುವ ನಮ್ಮಂಥ ಕನ್ನಡಿಗರಿಗೆ ಪ್ರತಿಮೆ, ಸ್ಮಾರಕಗಳೆಂದರೆ ಹೆಚ್ಚಾಗಿ ವಿಳಾಸದ ಗುರುತುಗಳು. ಇಳಿಯುವ ಜಾಗ ಬಂತು ಎಂದು ತಿಳಿಯುತ್ತದೆ, ಇಳಿಯುತ್ತೇವೆ, ಮನೆ ಕಡೆ ನಡೆಯುತ್ತೇವೆ.

ಈ ಸಲ ಸ್ವಲ್ಪ ನಿಂತು ನೋಡೋಣ. ಒಂದು ಪ್ರತಿಮೆ ಬೀಳದೆ ನಿಲ್ಲುವುದು ಹೇಗೆ? ಅದಕ್ಕೆ ಆಧಾರ ಯಾವುದು? ಪ್ರಶ್ನೆ ಸುಲಭವಾಗಿ ಕಾಣುತ್ತದೆ. ಉತ್ತರ ಹುಡುಕಲು ಡೊಂಬಿವಲಿಯಿಂದ ಜಾಸಯಿವರೆಗೆ ಓಡಾಡಬೇಕಾಗುತ್ತದೆ.

ಊರಿನ ವೀರಗಲ್ಲು, ಇಲ್ಲಿಯ ವೀರಗಲ್ಲು

ಸ್ಮಾರಕವನ್ನು ಓದುವುದು ನಮಗೆ ಹೊಸದಲ್ಲ. ನಮ್ಮ ಊರುಗಳಲ್ಲಿ ಗುಡಿಯ ಪಕ್ಕದಲ್ಲೋ ಕೆರೆಯ ಏರಿಯ ಮೇಲೋ ವೀರಗಲ್ಲುಗಳಿರುತ್ತವೆ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ತುದಿಯಲ್ಲಿ ಸೂರ್ಯ, ಚಂದ್ರ. ಅವು ಇರುವವರೆಗೂ ಈ ನೆನಪು ಇರಲಿ ಎಂದು ಅರ್ಥ.

ಇಂಥ ಕಲ್ಲುಗಳು ಇಲ್ಲೂ ಇವೆ. ಥಾಣೆ ಒಂದು ಕಾಲಕ್ಕೆ ಉತ್ತರ ಕೊಂಕಣದ ಶಿಲಾಹಾರರ ರಾಜಧಾನಿ. ಆಗ ಅದರ ಹೆಸರು ಸ್ಥಾನಕ. ಈ ಶಿಲಾಹಾರರು ಮೊದಲು ನಮ್ಮ ರಾಷ್ಟ್ರಕೂಟರ ಸಾಮಂತರಾಗಿದ್ದರು. ಅಂಬರನಾಥದ ಶಿವಾಲಯ 1060ರ ಸುಮಾರಿಗೆ ಅವರ ಕಾಲದಲ್ಲೇ ಕಟ್ಟಿದ್ದು. ಬೋರಿವಲಿಯ ಎಕ್ಸರ್‌ನಲ್ಲಿ ಇರುವ ವೀರಗಲ್ಲುಗಳಲ್ಲಿ ಕುದುರೆ, ಕಾಲಾಳುಗಳ ಜೊತೆ ಹುಟ್ಟುಗೋಲು ಹಾಕುವ ಹಡಗುಗಳ ಸಾಲನ್ನೇ ಕಡೆದಿದ್ದಾರೆ. ಸಮುದ್ರದ ಊರಿನ ವೀರಗಲ್ಲು ಹೀಗಿರುತ್ತದೆ. ವೀರಗಲ್ಲು ಓದಲು ಬಲ್ಲವರಿಗೆ ಚೌಕದ ಪ್ರತಿಮೆ ಓದುವುದೂ ಕಷ್ಟವಲ್ಲ. ಇಲ್ಲೂ ಕೆಳಗಿನಿಂದಲೇ ಆರಂಭಿಸಬೇಕು.

ಕಂಚಿನ ಒಳಗೆ ಏನಿದೆ?

ಮೊದಲ ಆಧಾರ ಕಣ್ಣಿಗೆ ಕಾಣದ್ದು. ದೊಡ್ಡ ಕಂಚಿನ ಪ್ರತಿಮೆ ಗಟ್ಟಿ ಲೋಹದ ಮುದ್ದೆಯಲ್ಲ, ಒಳಗೆ ಪೊಳ್ಳು. ಶಿಲ್ಪಿ ಮೊದಲು ಕಬ್ಬಿಣದ ಸರಳುಗಳ ಮೇಲೆ ಜೇಡಿಮಣ್ಣಿನಿಂದ ರೂಪ ಕೊಡುತ್ತಾನೆ. ಅದರ ಮೇಲಿನಿಂದ ಅಚ್ಚು ತೆಗೆಯುತ್ತಾರೆ. ಅಚ್ಚಿನ ಒಳಗೆ ತೆಳ್ಳಗೆ ಮೇಣ ಬಳಿದು, ಕಾಯಿಸಿ ಆ ಮೇಣವನ್ನು ಹೊರಗೆ ಹರಿಸಿ, ಖಾಲಿಯಾದ ಜಾಗಕ್ಕೆ ಕರಗಿದ ಕಂಚು ಎರೆಯುತ್ತಾರೆ. ದೊಡ್ಡ ಪ್ರತಿಮೆಯಾದರೆ ತುಂಡು ತುಂಡಾಗಿ ಎರಕ ಹೊಯ್ದು ಬೆಸೆಯಬೇಕು. ಕೊನೆಗೆ ಇಡೀ ಭಾರವನ್ನು ಹೊರುವುದು ಒಳಗಿನ ಉಕ್ಕಿನ ಚೌಕಟ್ಟು. ಅದು ಎಲುಬು, ಕಂಚು ಬರೀ ಚರ್ಮ.

ಈ ವಿದ್ಯೆಯಲ್ಲಿ ದೊಡ್ಡ ಹೆಸರು ಮಾಡಿದವರು ನಮ್ಮ ಪಕ್ಕದವರೇ. ಸದಾಶಿವ ಸಾಠೆ, ಎಲ್ಲರ ಬಾಯಲ್ಲಿ ಭಾವೂ ಸಾಠೆ. 1926ರಲ್ಲಿ ಹುಟ್ಟಿ ಕಲ್ಯಾಣದಲ್ಲಿ ಬೆಳೆದವರು. ದಿಲ್ಲಿಯ ಚಾಂದನಿ ಚೌಕದ ಟೌನ್ ಹಾಲ್ ಬಳಿ ಇರುವ ಗಾಂಧೀಜಿಯ ಪ್ರತಿಮೆ ಅವರದು. ಗೇಟ್‌ವೇ ಆಫ್ ಇಂಡಿಯಾದ ಎದುರು ಕುದುರೆಯ ಮೇಲೆ ಕುಳಿತ ಶಿವಾಜಿ ಮಹಾರಾಜರ ಪ್ರತಿಮೆಯೂ ಅವರದೇ. ಅದು ಅನಾವರಣಗೊಂಡದ್ದು 1961ರಲ್ಲಿ. ಅವರ ಕೃತಿಗಳನ್ನು ಒಂದೆಡೆ ನೋಡಲೆಂದು ಡೊಂಬಿವಲಿಯ ಎಂಐಡಿಸಿ ಭಾಗದಲ್ಲಿ 'ಶಿಲ್ಪಾಲಯ' ಇದೆ. ಸಾಠೆಯವರು 2021ರಲ್ಲಿ, ತೊಂಬತ್ತೈದರ ವಯಸ್ಸಿನಲ್ಲಿ ತೀರಿಕೊಂಡರು.

ಕುದುರೆಯ ಮಾತು ಬಂತು. ಕುದುರೆ ಎರಡು ಕಾಲೆತ್ತಿದ್ದರೆ ಸವಾರ ಯುದ್ಧದಲ್ಲಿ ಮಡಿದವನು, ಒಂದು ಕಾಲೆತ್ತಿದ್ದರೆ ಗಾಯಗೊಂಡು ತೀರಿಕೊಂಡವನು ಎಂದು ಶಾಲೆಯಲ್ಲಿ ಕೇಳಿರುತ್ತೀರಿ. ಅಂಥ ನಿಯಮವೇನೂ ಇಲ್ಲ. ಎಷ್ಟು ಕಾಲು ಎತ್ತಬೇಕು ಎನ್ನುವುದು ಶಿಲ್ಪಿಯ ಕಲ್ಪನೆಗೂ ತೂಕದ ಲೆಕ್ಕಕ್ಕೂ ಬಿಟ್ಟದ್ದು. ಎಲ್ಲ ಭಾರವೂ ನೆಲಕ್ಕೆ ತಾಗಿದ ಗೊರಸುಗಳ ಮೂಲಕವೇ ಪೀಠಕ್ಕೆ ಇಳಿಯಬೇಕು.

ಆ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂದು 2024ರಲ್ಲಿ ಎಲ್ಲರೂ ನೋಡಿದೆವು. ಸಿಂಧುದುರ್ಗ ಜಿಲ್ಲೆಯ ಮಾಲವಣದ ರಾಜಕೋಟ್ ಕೋಟೆಯಲ್ಲಿ 2023ರ ಡಿಸೆಂಬರ್ 4ರಂದು ಅನಾವರಣಗೊಂಡ 35 ಅಡಿಯ ಶಿವಾಜಿ ಪ್ರತಿಮೆ 2024ರ ಆಗಸ್ಟ್ 26ರಂದು ಕುಸಿದು ಬಿತ್ತು. ಒಂಬತ್ತು ತಿಂಗಳೂ ತುಂಬಿರಲಿಲ್ಲ. ತನಿಖಾ ಸಮಿತಿ ಕೊಟ್ಟ ಕಾರಣಗಳು ತುಕ್ಕು, ಸರಿಯಿಲ್ಲದ ಬೆಸುಗೆ, ದುರ್ಬಲ ಚೌಕಟ್ಟು, ನಿರ್ವಹಣೆಯ ಕೊರತೆ. ಅದನ್ನು ಮಾಡಿದ ಯುವ ಶಿಲ್ಪಿಯೂ ಕಲ್ಯಾಣದವರೇ. ಗೇಟ್‌ವೇಯ ಪ್ರತಿಮೆಗೂ ಸಮುದ್ರದ ಉಪ್ಪುಗಾಳಿ ಬಡಿಯುತ್ತದೆ, ಮಾಲವಣದ್ದಕ್ಕೂ ಬಡಿಯುತ್ತಿತ್ತು. ಒಂದು ಅರುವತ್ತು ವರ್ಷ ದಾಟಿ ನಿಂತಿದೆ, ಇನ್ನೊಂದು ಒಂದು ಮಳೆಗಾಲವನ್ನೂ ಪೂರ್ತಿ ಕಾಣಲಿಲ್ಲ. ಮಾಲವಣದಲ್ಲಿ 2025ರ ಮೇ ತಿಂಗಳಲ್ಲಿ ಹೊಸ ಪ್ರತಿಮೆ ನಿಂತಿತು.

ಒಪ್ಪಿಗೆ ಯಾರದು?

ಎರಡನೆಯ ಆಧಾರ ಕಾಗದದ್ದು. ಮನಸ್ಸು ಬಂದಲ್ಲಿ ಪ್ರತಿಮೆ ನಿಲ್ಲಿಸುವಂತಿಲ್ಲ. ಸಾರ್ವಜನಿಕ ರಸ್ತೆ, ಕಾಲುದಾರಿಗಳಲ್ಲಿ ಹೊಸ ಪ್ರತಿಮೆಗಳಿಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ರಾಜ್ಯಗಳಿಗೆ ಸೂಚಿಸಿತು. ಇನ್ನು ಮಹಾರಾಷ್ಟ್ರದಲ್ಲಿ ಪ್ರತಿಮೆಯ ಮಣ್ಣಿನ ಮಾದರಿಯನ್ನು ಸರಕಾರದ ಕಲಾ ನಿರ್ದೇಶನಾಲಯ ನೋಡಿ ಒಪ್ಪಬೇಕು. ಮುಖಚಹರೆ ಸರಿಯಿದೆಯೇ, ನಿಲುವು ಗೌರವಯುತವಾಗಿದೆಯೇ ಎಂದು ಪರೀಕ್ಷಿಸುತ್ತಾರೆ.

ಮಾಲವಣದ ಪ್ರಕರಣದಲ್ಲಿ ನಿರ್ದೇಶನಾಲಯ ಹೇಳಿದ್ದು ಕೇಳಿ. ತಾವು ಒಪ್ಪಿಗೆ ಕೊಟ್ಟದ್ದು ಆರು ಅಡಿಯ ಮಣ್ಣಿನ ಮಾದರಿಗೆ, ಪ್ರತಿಮೆ 35 ಅಡಿ ಆಗಲಿದೆಯೆಂದು ತಮಗೆ ತಿಳಿಸಿರಲಿಲ್ಲ ಎಂದು. ಆರು ಅಡಿಯಲ್ಲಿ ಚೆಂದ ಕಂಡ ರೂಪ ಆರು ಪಟ್ಟು ಎತ್ತರವಾದಾಗ ಗಾಳಿಯ ಒತ್ತಡ, ತೂಕ, ಬೆಸುಗೆ ಎಲ್ಲವೂ ಬೇರೆಯೇ ಆಗುತ್ತವೆ. ಮುಖ ನೋಡುವವರು ಒಬ್ಬರು, ಎಲುಬು ನೋಡುವವರು ಇನ್ನೊಬ್ಬರು. ಇಬ್ಬರೂ ನೋಡಿದ್ದಾರೆಯೇ ಎಂದು ಕೇಳುವ ಹಕ್ಕು ತೆರಿಗೆ ಕಟ್ಟುವ ನಮಗಿದೆ.

ಥಾಣೆಯ ಗೋಡೆಯ ಒಳಗೆ

ಮೂರನೆಯ ಆಧಾರ ಜನ. ಉಳಿದೆರಡಕ್ಕಿಂತ ಇದೇ ಗಟ್ಟಿ ಎಂದು ಅರಿಯಲು ಥಾಣೆಯ ಸೆಂಟ್ರಲ್ ಜೈಲಿನ ಕಡೆ ಬನ್ನಿ. ಈ ಜೈಲು ಮೊದಲು ಪೋರ್ಚುಗೀಸರು ಕಟ್ಟಿದ ಕೋಟೆ. 1737ರಲ್ಲಿ ಮರಾಠರ ಕೈಗೆ ಬಂತು, ಆಮೇಲೆ ಬ್ರಿಟಿಷರದಾಯಿತು, ಸೆರೆಮನೆಯಾಯಿತು.

ಇಲ್ಲಿ 1848ರ ಮೇ 2ರಂದು ರಾಘೋಜಿ ಭಾಂಗರೆಯನ್ನು ಗಲ್ಲಿಗೇರಿಸಿದರು. ಸಾಹುಕಾರರ ಮತ್ತು ಕಂಪನಿ ಸರಕಾರದ ವಿರುದ್ಧ ಸಹ್ಯಾದ್ರಿಯ ಮಹಾದೇವ ಕೋಳಿ ಆದಿವಾಸಿಗಳನ್ನು ಒಗ್ಗೂಡಿಸಿದ ನಾಯಕ ಆತ. ಸಿಪಾಯಿ ದಂಗೆಗೆ ಇನ್ನೂ ಒಂಬತ್ತು ವರ್ಷ ಬಾಕಿ ಇತ್ತು. ಮುಂದೆ 1910ರ ಎಪ್ರಿಲ್ 19ರಂದು ಇದೇ ಜೈಲಿನಲ್ಲಿ ಅನಂತ ಕಾನ್ಹೇರೆ, ಕೃಷ್ಣಾಜಿ ಕರ್ವೆ, ವಿನಾಯಕ ದೇಶಪಾಂಡೆ ಗಲ್ಲಿಗೇರಿದರು. 1909ರ ಡಿಸೆಂಬರ್‌ನಲ್ಲಿ ನಾಸಿಕದ ನಾಟಕಗೃಹವೊಂದರಲ್ಲಿ ಕಲೆಕ್ಟರ್ ಜ್ಯಾಕ್ಸನ್‌ನನ್ನು ಕೊಂದ ಪ್ರಕರಣ ಅದು. ಕಾನ್ಹೇರೆ ಆಗ ಇನ್ನೂ ಹದಿಹರೆಯದ ಹುಡುಗ. ಶವಗಳನ್ನು ಬಂಧುಗಳಿಗೆ ಒಪ್ಪಿಸಲಿಲ್ಲ.

ಕಾರಾಗೃಹದ ಆವರಣದಲ್ಲಿ ಈ ಹುತಾತ್ಮರ ಸ್ಮಾರಕವಿದೆ. ನಾಲ್ಕು ದಾರಿ ಕೂಡುವ ಚೌಕವಲ್ಲ, ಹೋಗಿ ಬರುವವರ ಕಣ್ಣಿಗೆ ಬೀಳುವುದೂ ಇಲ್ಲ. ಆದರೂ ಆ ತಾರೀಖು ಬಂದಾಗ ಜನ ಹೂವು ಹಿಡಿದು ಬರುತ್ತಾರೆ. ಮೇ 2ರಂದು ರಾಘೋಜಿಯ ನೆನಪಿಗೆ ಆದಿವಾಸಿ ಸಮಾಜದವರು ಸೇರುತ್ತಾರೆ. ಪತ್ರಿಕೆಯಲ್ಲಿ ಅದರ ಸುದ್ದಿ ಬಂದರೆ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು. ಅವರಿಗೆ ಅದರ ಚಿಂತೆಯಿಲ್ಲ.

ಸಾಡೇಬಾರಾ ಟಕ್ಕೆಯ ಹಿಂದಿನ ಕಲ್ಲು

ಈಗ ಖಾಡಿ ದಾಟಿ ನವಿ ಮುಂಬಯಿಗೆ. ವಾಶಿ, ನೆರೂಳ್, ಖಾರ್‌ಘರ್, ಉಲ್ವೆಗಳಲ್ಲಿ ಫ್ಲ್ಯಾಟ್ ಹುಡುಕಿದ ಕೇಳುಗರಿಗೆಲ್ಲ "ಸಾಡೇಬಾರಾ ಟಕ್ಕೆ ಪ್ಲಾಟ್" ಎಂಬ ಮಾತು ಗೊತ್ತು. ಏಜೆಂಟ್ ಹೇಳುತ್ತಾನೆ, ನಾವು ತಲೆದೂಗಿ ದರ ಕೇಳುತ್ತೇವೆ. ಅದು ಎಲ್ಲಿಂದ ಬಂತು?

1970ರಲ್ಲಿ ಸಿಡ್ಕೋ ಸ್ಥಾಪನೆಯಾಯಿತು. ಹೊಸ ನಗರಕ್ಕಾಗಿ ಥಾಣೆ, ಪನ್ವೇಲ್, ಉರಣ ಭಾಗದ 95 ಹಳ್ಳಿಗಳ ಭೂಮಿಯನ್ನು ಸ್ವಾಧೀನಕ್ಕೆ ಗೊತ್ತುಪಡಿಸಿದರು. ಗದ್ದೆ, ಉಪ್ಪಿನ ಆಗರ, ಮೀನಿನ ಖಾಡಿಗಳನ್ನು ನಂಬಿದ್ದ ಆಗರಿ, ಕೋಳಿ ಸಮಾಜದವರು ಸರಿಯಾದ ಪರಿಹಾರ ಕೇಳಿದರು. ನಾಯಕತ್ವ ವಹಿಸಿದವರು ಜಾಸಯಿ ಗ್ರಾಮದ ದಿ. ಬಾ. ಪಾಟೀಲ್. 1984ರ ಜನವರಿ 16 ಮತ್ತು 17ರಂದು ಉರಣದ ಜಾಸಯಿ ಪರಿಸರದಲ್ಲಿ ಪೊಲೀಸ್ ಗೋಲಿಬಾರ್ ನಡೆದು ಐವರು ರೈತರು ಪ್ರಾಣ ಬಿಟ್ಟರು. ಸ್ವಾಧೀನವಾದ ಭೂಮಿಯ ಶೇಕಡಾ ಹನ್ನೆರಡೂವರೆಯಷ್ಟನ್ನು ಅಭಿವೃದ್ಧಿಪಡಿಸಿ ಮೂಲ ರೈತರಿಗೆ ಮರಳಿಸುವ ಯೋಜನೆ ಬಂದದ್ದು ಈ ಹೋರಾಟದಿಂದ. ಅದೇ ಸಾಡೇಬಾರಾ ಟಕ್ಕೆ.

ಜಾಸಯಿಯಲ್ಲಿ ಆ ಐವರ ಸ್ಮಾರಕವಿದೆ. ಪ್ರತಿ ಜನವರಿಯಲ್ಲಿ ಅಲ್ಲಿ ಜನ ಸೇರುತ್ತಾರೆ. ಪಾಟೀಲರು 2013ರಲ್ಲಿ ನಿಧನರಾದರು. ನವಿ ಮುಂಬಯಿ ವಿಮಾನ ನಿಲ್ದಾಣಕ್ಕೆ ಅವರ ಹೆಸರಿಡಬೇಕೆಂದು 2021ರಲ್ಲಿ ಸಾವಿರಾರು ಜನ ಬೀದಿಗಿಳಿದರು, 2022ರಲ್ಲಿ ವಿಧಾನಸಭೆ ನಿರ್ಣಯ ಕೈಗೊಂಡಿತು. 2025ರ ಅಕ್ಟೋಬರ್ 8ರಂದು ನಿಲ್ದಾಣದ ಉದ್ಘಾಟನೆಯಾಯಿತು. ನಾಳೆ ಮಂಗಳೂರಿಗೋ ಬೆಂಗಳೂರಿಗೋ ನಾವು ಅಲ್ಲಿಂದ ಹಾರುವಾಗ ರನ್‌ವೇ ಯಾರ ಗದ್ದೆಯಾಗಿತ್ತು ಎಂದು ಒಂದು ಗಳಿಗೆ ನೆನೆದರೆ ತಪ್ಪಿಲ್ಲ. ನಾವು ಊರಿನ ಅಡಿಕೆ ತೋಟ, ಭತ್ತದ ಗದ್ದೆ ಬಿಟ್ಟು ಬಂದವರು. ಅವರು ತಮ್ಮ ಊರಿನಲ್ಲೇ ಇದ್ದು ಗದ್ದೆ ಬಿಟ್ಟುಕೊಟ್ಟವರು.

ಪ್ರತಿಮೆ ಬೇಡದ ನೆನಪು

ಸ್ಮಾರಕವೆಂದರೆ ಪ್ರತಿಮೆಯೇ ಆಗಬೇಕೆಂದಿಲ್ಲ. ಐರೋಲಿಯ ಸೆಕ್ಟರ್ 15ರಲ್ಲಿ ನವಿ ಮುಂಬಯಿ ಮಹಾನಗರಪಾಲಿಕೆ ಕಟ್ಟಿದ ಡಾ. ಬಾಬಾಸಾಹೇಬ ಅಂಬೇಡ್ಕರ್ ಸ್ಮಾರಕದ ಗುಮ್ಮಟ ಲೇಖನಿಯ ಮೊನೆಯಂತೆ ಆಕಾಶಕ್ಕೆ ನೆಟ್ಟಿದೆ. ಅಲ್ಲಿಯ ಮುಖ್ಯ ಆಕರ್ಷಣೆ ಗ್ರಂಥಾಲಯ. ಪರೀಕ್ಷೆಗೆ ಓದುವ ಮಕ್ಕಳಿದ್ದರೆ ಕರೆದೊಯ್ಯಿರಿ.

ಕಲ್ಯಾಣದಲ್ಲಿ 1865ರಲ್ಲಿ ಹುಟ್ಟಿದ ಆನಂದಿಬಾಯಿ ಜೋಶಿಯವರ ಕಥೆ ಇನ್ನೊಂದು ಬಗೆಯದು. ಒಂಬತ್ತನೇ ವಯಸ್ಸಿನಲ್ಲಿ ಮದುವೆ, ಚಿಕ್ಕ ಪ್ರಾಯದಲ್ಲೇ ಹುಟ್ಟಿದ ಕೂಸು ಕೆಲವೇ ದಿನ ಬದುಕಿತು. ಆ ನೋವಿನಿಂದ ಡಾಕ್ಟರಾಗುವ ಪಣ ತೊಟ್ಟರು. 1886ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪದವಿ ಪಡೆದರು. 1887ರ ಫೆಬ್ರವರಿಯಲ್ಲಿ, ಇಪ್ಪತ್ತೆರಡು ತುಂಬುವ ಮುನ್ನವೇ ಕ್ಷಯದಿಂದ ತೀರಿಕೊಂಡರು. ಅವರ ಚಿತಾಭಸ್ಮ ಇರುವುದು ನ್ಯೂಯಾರ್ಕ್ ರಾಜ್ಯದ ಪೌಕೀಪ್ಸಿಯಲ್ಲಿ, ಅವರನ್ನು ಮಗಳಂತೆ ನೋಡಿಕೊಂಡ ಕಾರ್ಪೆಂಟರ್ ಕುಟುಂಬದ ಸಮಾಧಿಗಳ ನಡುವೆ. ಶುಕ್ರಗ್ರಹದ ಒಂದು ಕುಳಿಗೂ ಅವರ ಹೆಸರಿದೆ.

ಇನ್ನು ನೆರೂಳ್ ಕಡೆ ರಸ್ತೆ ಬದಿಯಲ್ಲಿ ಗುಲಾಬಿ ಬಣ್ಣದ ಫ್ಲೆಮಿಂಗೊ ಪ್ರತಿಮೆಗಳ ಮುಂದೆ ಫೋಟೋ ತೆಗೆಸಿಕೊಳ್ಳುವವರು ಬಹಳ. 2024ರಲ್ಲಿ ನೆರೂಳ್ ಜೆಟ್ಟಿಯ ಹತ್ತಿರದ ದೊಡ್ಡ ಫಲಕಕ್ಕೆ ಬಡಿದು ನಿಜವಾದ ಫ್ಲೆಮಿಂಗೊಗಳು ಸತ್ತವು, ಬಳಿಕ ಆ ಫಲಕ ತೆಗೆದರು. ಹಕ್ಕಿಗಳು ಇಳಿಯುವ ಕೆರೆ ಒಣಗಿದರೆ ಮುಂದೆ ಈ ಪ್ರತಿಮೆಗಳೂ ಹುತಾತ್ಮ ಸ್ಮಾರಕಗಳೇ ಆದಾವು.

ಭಾನುವಾರಕ್ಕೆ ಒಂದು ಕೆಲಸ

ಬರುವ ಭಾನುವಾರ ಮಕ್ಕಳೊಂದಿಗೆ ನಿಮ್ಮ ಹತ್ತಿರದ ಚೌಕಕ್ಕೆ ಹೋಗಿ. ಪ್ರತಿಮೆಯ ಮುಖ ಆಮೇಲೆ ನೋಡಿದರಾಯಿತು, ಮೊದಲು ಪೀಠದ ಮೇಲಿನ ಬರಹ ಓದಿ. ಮರಾಠಿ ಬರದಿದ್ದರೂ ಲಿಪಿ ಹಿಂದಿಯದೇ, ಅಕ್ಷರ ಕೂಡಿಸಿದರೆ ಅರ್ಥವಾಗುತ್ತದೆ. ಯಾರು ನಿಲ್ಲಿಸಿದರು, ಯಾವ ವರ್ಷ, ಶಿಲ್ಪಿಯ ಹೆಸರಿದೆಯೇ? ಉದ್ಘಾಟಿಸಿದವರ ಹೆಸರು ದೊಡ್ಡದೋ, ಪ್ರತಿಮೆಯಲ್ಲಿರುವವರ ಹೆಸರು ದೊಡ್ಡದೋ? ಹೂವಿನ ಹಾರ ಒಣಗಿ ಎಷ್ಟು ದಿನವಾಗಿರಬಹುದು? ಡೊಂಬಿವಲಿಯವರು ಶಿಲ್ಪಾಲಯಕ್ಕೆ ಹೋಗುವುದಾದರೆ ತೆರೆಯುವ ಸಮಯ ಮೊದಲೇ ವಿಚಾರಿಸಿಕೊಳ್ಳಿ.

ಪೀಠದಲ್ಲಿ ಬಿರುಕು ಕಂಡರೆ, ಪ್ರತಿಮೆಯಿಂದ ತುಕ್ಕಿನ ನೀರು ಇಳಿದ ಗುರುತಿದ್ದರೆ ವಾರ್ಡ್ ಆಫೀಸಿಗೆ ಒಂದು ಅರ್ಜಿ ಬರೆಯಿರಿ. ಒಳಗಿನ ಎಲುಬು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಆದರೆ ತುಕ್ಕು ಮೊದಲು ಕಾಣುವುದು ದಿನವೂ ಅದೇ ದಾರಿಯಲ್ಲಿ ಹೋಗುವವರಿಗೇ.

ನಿಮ್ಮ ಚೌಕದಲ್ಲಿ ನಿಂತವರು ಯಾರು, ಅವರ ಬಗ್ಗೆ ಹಳಬರು ಏನು ಹೇಳುತ್ತಾರೆ ಎಂದು ಕೇಳಿಕೊಂಡು ನಮ್ಮ ಕನ್ನಡ ವಿಭಾಗಕ್ಕೆ ಪತ್ರ ಬರೆಯಿರಿ. ಆಯ್ದ ಪತ್ರಗಳನ್ನು ಕಾರ್ಯಕ್ರಮದಲ್ಲಿ ಓದೋಣ.