ಥ್ರಿಲ್ಲರ್ (1979ರ ಚಲನಚಿತ್ರ)

ಥ್ರಿಲ್ಲರ್, ಸ್ಯಾಲಿ ಪಾಟರ್ ನಿರ್ದೇಶನದ ಬ್ರಿಟಿಷ್ ಪ್ರಾಯೋಗಿಕ ಕಿರುಚಿತ್ರ. 1979ರ ಈ ಕಪ್ಪು-ಬಿಳುಪು ಚಿತ್ರದ ಅವಧಿ ಸುಮಾರು 34 ನಿಮಿಷಗಳು. ಜಾಕೊಮೊ ಪುಚ್ಚಿನಿಯ 'ಲಾ ಬೊಹೆಮ್' ಅಪೆರಾವನ್ನು ಇದು ಸ್ತ್ರೀವಾದಿ ದೃಷ್ಟಿಯಿಂದ ಪುನರ್‌ವ್ಯಾಖ್ಯಾನಿಸುತ್ತದೆ.

ಮೂಲ ಅಪೆರಾ

'ಲಾ ಬೊಹೆಮ್' 1896ರ ಫೆಬ್ರುವರಿ 1ರಂದು ಇಟಲಿಯ ಟ್ಯೂರಿನ್‌ನಲ್ಲಿ ಮೊದಲು ಪ್ರದರ್ಶನಗೊಂಡಿತು. ಪ್ಯಾರಿಸ್‌ನ ಬಡ ಕವಿ ರೊಡಾಲ್ಫೊ, ಕಸೂತಿ ಹಾಕಿ ಬದುಕುವ ಮಿಮಿಯನ್ನು ಪ್ರೀತಿಸುತ್ತಾನೆ. ಕೊನೆಯ ಅಂಕದಲ್ಲಿ ಆಕೆ ಕ್ಷಯರೋಗದಿಂದ ಸಾಯುತ್ತಾಳೆ.

ಕಥಾವಸ್ತು

ಚಿತ್ರದಲ್ಲಿ ಮಿಮಿಯೇ ತನ್ನ ಸಾವಿನ ತನಿಖೆ ನಡೆಸುತ್ತಾಳೆ. ತನ್ನನ್ನು ಕೊಂದದ್ದು ರೋಗವೋ, ಅಥವಾ ಇದು ಕೊಲೆಯೋ ಎಂಬುದು ಆಕೆಯ ಪ್ರಶ್ನೆ. ಬದುಕಿ ಉಳಿದಿದ್ದರೆ ಆಕೆ ದುಡಿದು ದಣಿದ ಮುದುಕಿಯಾಗುತ್ತಿದ್ದಳು. ಅಂಥವಳು ಪ್ರೇಮಕಥೆಯ ನಾಯಕಿಯಾಗಲಾರಳು. ಹೀಗೆ, ಹೆಣ್ಣಿನ ದುಡಿಮೆಯನ್ನು ಮರೆಮಾಡಿ ಆಕೆಯ ಸಾವನ್ನು ಸುಂದರವಾಗಿಸುವ ಕಲೆಯೇ ಇಲ್ಲಿ ಆರೋಪಿಯ ಸ್ಥಾನದಲ್ಲಿ ನಿಲ್ಲುತ್ತದೆ. ಅಪೆರಾದ ಇನ್ನೊಬ್ಬ ಸ್ತ್ರೀಪಾತ್ರ ಮುಸೆಟ್ಟಾ, ಮಿಮಿಗೆ ವಿರುದ್ಧ ಸ್ವಭಾವದವಳು. ಚಿತ್ರದ ಅಂತ್ಯದಲ್ಲಿ ಇವರಿಬ್ಬರೂ ಪರಸ್ಪರ ಆಲಿಂಗಿಸಿಕೊಳ್ಳುತ್ತಾರೆ.

ಶೈಲಿ

ಕಥೆ ನೇರವಾಗಿ ಸಾಗುವುದಿಲ್ಲ. ಅಪೆರಾ ಪ್ರದರ್ಶನದ ಸ್ಥಿರಚಿತ್ರಗಳು, ಬರಿದಾದ ಅಟ್ಟದ ಕೋಣೆಯಲ್ಲಿನ ದೃಶ್ಯಗಳು ಹಾಗೂ ಹಿನ್ನೆಲೆಯ ನಿರೂಪಣೆ ಪದೇ ಪದೇ ಹೆಣೆದುಕೊಳ್ಳುತ್ತವೆ. ಕೊಲೆಟ್ ಲಫೋಂ ಮಿಮಿಯಾಗಿ ಅಭಿನಯಿಸಿ ಧ್ವನಿಯನ್ನೂ ನೀಡಿದ್ದಾರೆ. ಪುಚ್ಚಿನಿಯ ಸಂಗೀತದ ಜೊತೆಗೆ, ಹಿಚ್‌ಕಾಕ್‌ರ 'ಸೈಕೋ' (1960) ಚಿತ್ರಕ್ಕೆ ಬರ್ನಾರ್ಡ್ ಹರ್ಮನ್ ರಚಿಸಿದ ತಂತಿವಾದ್ಯಗಳ ಕರ್ಕಶ ಸ್ವರಗಳೂ ಕೇಳಿಬರುತ್ತವೆ. ಕರುಣರಸದ ಕಥೆಯನ್ನು ಅಪರಾಧದ ಕಥೆಯಾಗಿ ಕೇಳಿಸುವ ಈ ಸಂಯೋಜನೆ ಶೀರ್ಷಿಕೆಗೂ ಅರ್ಥ ಒದಗಿಸುತ್ತದೆ.

ಮಹತ್ವ

ಸ್ತ್ರೀವಾದಿ ಸಿನಿಮಾ ಅಧ್ಯಯನದಲ್ಲಿ ಈ ಚಿತ್ರ ವ್ಯಾಪಕವಾಗಿ ಚರ್ಚಿತವಾಗಿದೆ. ಪಾಟರ್ ಮುಂದೆ ವರ್ಜೀನಿಯಾ ವುಲ್ಫ್‌ರ ಕಾದಂಬರಿಯನ್ನು ಆಧರಿಸಿ 'ಒರ್ಲ್ಯಾಂಡೊ' (1992) ಚಿತ್ರವನ್ನು ನಿರ್ದೇಶಿಸಿದರು.