ಕಾಯಕದ ತಾಣದಲ್ಲಿ ಕಿರಿಯರ ಮಾತು

ಮೂಡುಬಿದಿರೆಯ ಸಮೀಪದ ಪುತ್ತಿಗೆಯು ಒಂದು ಕಾಲದಲ್ಲಿ ಚೌಟ ಅರಸರ ನೆಲೆಯಾಗಿದ್ದ ಊರು. ಮುಂದೆ ಕೆಳದಿಯ ವೀರಶೈವ ಅರಸರು ತುಳುನಾಡಿನ ಮೇಲೆ ಪ್ರಭುತ್ವ ಪಡೆದಾಗ ಚೌಟರು ಅವರ ಸಾಮಂತರಾಗಿದ್ದರು. ಅರಮನೆಯಲ್ಲಿ ಯಾರು ಯಾರೊಡನೆ ಎಷ್ಟು ಮಾತನಾಡಬೇಕು, ಯಾವಾಗ ಸುಮ್ಮನಿರಬೇಕು ಎಂಬುದಕ್ಕೆ ಕಟ್ಟಳೆಯಿರುವುದು ಸಹಜ. ಅರಸೊತ್ತಿಗೆ ಅಳಿಯಿತಾದರೂ ಆ ಕಟ್ಟಳೆ ಅಳಿಯಲಿಲ್ಲ. ಈ ಸೀಮೆಯ ಮಕ್ಕಳು ಇಂದು ದುಡಿಯುತ್ತಿರುವ ಬ್ಯಾಂಕು, ಕಾಲೇಜು, ಆಸ್ಪತ್ರೆಗಳಲ್ಲಿಯೂ ಕೊಲ್ಲಿ ರಾಷ್ಟ್ರಗಳ ಕಂಪನಿಗಳಲ್ಲಿಯೂ ಅದು ಬೇರೆ ವೇಷ ತೊಟ್ಟು ನಿಂತಿದೆ.

ಪ್ರತಿಯೊಂದು ಸಂಸ್ಥೆಗೂ ಅದರದೇ ಆದ ಒಂದು ಸಂಸ್ಕೃತಿಯಿರುತ್ತದೆ. ಅದನ್ನು ಅರಿಯಬೇಕಾದರೆ ಗೋಡೆಯ ಮೇಲಿನ ಧ್ಯೇಯವಾಕ್ಯವನ್ನು ಓದಿ ಪ್ರಯೋಜನವಿಲ್ಲ. ಕಿರಿಯನೊಬ್ಬನು ಅಪ್ರಿಯವಾದ ಸತ್ಯವನ್ನು ಹೊತ್ತು ತಂದಾಗ ಹಿರಿಯನು ಏನು ಮಾಡುತ್ತಾನೆ ಎಂಬುದನ್ನು ನೋಡಿದರೆ ಸಾಕು. ಅಲ್ಲಿನ ಸಿಬ್ಬಂದಿಯೆಲ್ಲರೂ ಅದನ್ನೇ ನೋಡಿ ತಮ್ಮ ನಾಲಗೆಗೆ ಅಳತೆ ಹಾಕಿಕೊಳ್ಳುತ್ತಾರೆ.

ಮೂರು ಬಾರಿ ಆಡಿದ ಮಾತು

ಇದರ ಗಾಂಭೀರ್ಯವನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಪುತ್ತಿಗೆಯಿಂದ ಹೆಚ್ಚು ದೂರವಿಲ್ಲದ ಮಂಗಳೂರು ವಿಮಾನ ನಿಲ್ದಾಣದಲ್ಲಿ ೨೦೧೦ರ ಮೇ ೨೨ರ ಮುಂಜಾನೆ, ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ರನ್‌ವೇಯನ್ನು ದಾಟಿ ಕಣಿವೆಗುರುಳಿ ಹೊತ್ತಿ ಉರಿಯಿತು. ವಿಮಾನದಲ್ಲಿದ್ದ ೧೬೬ ಮಂದಿಯಲ್ಲಿ ೧೫೮ ಮಂದಿ ಅಸುನೀಗಿದರು. ಬದುಕುಳಿದವರು ೮ ಮಂದಿ ಮಾತ್ರ. ದುಡಿಮೆಗಾಗಿ ಕಡಲಾಚೆ ಹೋಗಿದ್ದವರು ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಇಲ್ಲವಾದರು.

ಸರ್ಕಾರ ನೇಮಿಸಿದ ತನಿಖಾ ನ್ಯಾಯಾಲಯದ ವರದಿಯು ಕಾರಣವನ್ನು ಸ್ಪಷ್ಟವಾಗಿ ಹೇಳಿತು. ವಿಮಾನವು ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿದ್ದುಕೊಂಡೇ ಇಳಿಯತೊಡಗಿತ್ತು. ಸುಮಾರು ೮,೦೦೦ ಅಡಿ ಉದ್ದದ ರನ್‌ವೇಯಲ್ಲಿ ೫,೦೦೦ ಅಡಿಗೂ ಹೆಚ್ಚು ಕಳೆದ ಮೇಲೆ ಅದರ ಚಕ್ರಗಳು ನೆಲ ಮುಟ್ಟಿದವು. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಬೇಕೆಂದು ಸಹ ಪೈಲಟ್ ಮೂರು ಬಾರಿ ಹೇಳಿದ್ದರು. ಯಂತ್ರವೂ ಪದೇ ಪದೇ ಎಚ್ಚರಿಸಿತ್ತು. ಆದರೂ ಹಿರಿಯ ಪೈಲಟ್ ಇಳಿಸುವ ಪ್ರಯತ್ನವನ್ನು ಬಿಡಲಿಲ್ಲ.

ವರದಿಯ ಇನ್ನೊಂದು ಮಾತು ನಮ್ಮೆಲ್ಲರ ಮನನಕ್ಕೆ ಯೋಗ್ಯವಾದುದು. ಅಂತಹ ಗಳಿಗೆಯಲ್ಲಿ ಸಹ ಪೈಲಟ್ ತಾನೇ ವಿಮಾನವನ್ನು ಮೇಲೆತ್ತಬಹುದೇ ಎಂಬ ಬಗ್ಗೆ ನಿಯಮಾವಳಿಗಳಲ್ಲಿ ಸ್ಪಷ್ಟತೆಯಿರಲಿಲ್ಲ. ಬಹುಶಃ ಆ ಕಾರಣದಿಂದಲೇ ಅವರು ಮತ್ತೆ ಮತ್ತೆ ಹೇಳಿದರೇ ಹೊರತು ನಿಯಂತ್ರಣವನ್ನು ಕೈಗೆತ್ತಿಕೊಳ್ಳಲಿಲ್ಲ ಎಂದು ವರದಿ ಊಹಿಸಿತು. ಅಲ್ಲಿ ಮಾತಿಗೆ ಕೊರತೆಯಿರಲಿಲ್ಲ. ಆ ಮಾತು ಕೃತಿಯಾಗಲು ದಾರಿಯಿರಲಿಲ್ಲ.

೧೯೭೭ರ ಮಾರ್ಚ್ ೨೭ರಂದು ಸ್ಪೇನಿಗೆ ಸೇರಿದ ಟೆನೆರಿಫೆ ದ್ವೀಪದಲ್ಲಿ ಎರಡು ವಿಮಾನಗಳು ರನ್‌ವೇಯಲ್ಲಿಯೇ ಡಿಕ್ಕಿಯಾಗಿ ೫೮೩ ಮಂದಿ ಮಡಿದಾಗಲೂ ಹೀಗೆಯೇ ಆಗಿತ್ತು. ಇನ್ನೊಂದು ವಿಮಾನ ರನ್‌ವೇಯನ್ನು ತೆರವು ಮಾಡಿದೆಯೇ ಎಂಬ ಸಂದೇಹವನ್ನು ವಿಮಾನದೊಳಗಿನ ಎಂಜಿನಿಯರ್ ಎತ್ತಿದ್ದರು. ಹಿರಿಯ ಕ್ಯಾಪ್ಟನ್ನರ ಖಚಿತವಾದ ಉತ್ತರ ಆ ಸಂದೇಹವನ್ನು ಅಲ್ಲಿಯೇ ಅಡಗಿಸಿತು.

ಮಹಾಮನೆಯ ಅಂಗಳದಿಂದ

ಕಾಯಕವನ್ನೇ ಧರ್ಮವೆಂದು ಬಗೆದ ಪರಂಪರೆ ನಮ್ಮದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ದೋಣಿ ನಡೆಸುವವರು, ಬಟ್ಟೆ ಮಡಿ ಮಾಡುವವರು, ತೊಗಲು ಹದಮಾಡುವವರು ರಾಜ್ಯದ ಭಂಡಾರಿಯೊಡನೆ ಸಮಾನರಾಗಿ ಕುಳಿತು ಮಾತನಾಡಿದರು. ಆ ಶರಣರ ಚಿಂತನೆಯನ್ನು ನಂತರದವರು ಶೂನ್ಯಸಂಪಾದನೆಯಲ್ಲಿ ಪೋಣಿಸಿದಾಗ ಸಂವಾದದ ರೂಪವನ್ನೇ ಆರಿಸಿಕೊಂಡರು.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯನ್ನು ಅರಿಯದ ಶರಣ ಕುಟುಂಬ ವಿರಳ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಮನೆಗೆ ಬಂದಿತು. ಲಕ್ಕಮ್ಮನವರು ಅದನ್ನು ಕಂಡೊಡನೆ, ಇದು ನಮಗೆ ಸಲ್ಲದು, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬನ್ನಿರೆಂದು ಪತಿಗೆ ನೇರವಾಗಿ ನುಡಿದರು. ಮಾರಯ್ಯನವರು ಅಕ್ಕಿಯನ್ನು ಹಿಂದಕ್ಕೆ ಕೊಂಡೊಯ್ದರು.

ನಾವು ಸಾಮಾನ್ಯವಾಗಿ ಲಕ್ಕಮ್ಮನವರ ಧೈರ್ಯವನ್ನು ಕೊಂಡಾಡಿ ಸುಮ್ಮನಾಗುತ್ತೇವೆ. ಮಾರಯ್ಯನವರ ನಡೆಯೂ ಅಷ್ಟೇ ದೊಡ್ಡದು. ತಮಗೆ ಹೇಳಿದವರು ಯಾರು ಎಂದು ನೋಡದೆ, ಹೇಳಿದ್ದು ದಿಟವೇ ಎಂದು ನೋಡಿದರು. ದಿಟವೆಂದು ಕಂಡೊಡನೆ ಹೆಜ್ಜೆ ತಿರುಗಿಸಿದರು. ಬಜಪೆಯ ಆಗಸದಲ್ಲಿ ಇಲ್ಲದೆ ಹೋದದ್ದು ಈ ಹಿಂದಿರುಗುವ ಹೆಜ್ಜೆ.

ನಮ್ಮ ಅಂಗಡಿ, ನಮ್ಮ ಕಚೇರಿ

ವಿಮಾನದ ಮಾತು ನಮಗೇಕೆ ಎಂದು ಯಾರೂ ಭಾವಿಸಬೇಕಾಗಿಲ್ಲ. ವಸತಿಗೃಹದ ಅಡುಗೆಯವನಿಗೆ ಬೇಳೆ ಕೆಟ್ಟಿರುವುದು ಮೊದಲು ತಿಳಿಯುತ್ತದೆ. ಲೆಕ್ಕ ಬರೆಯುವ ಹುಡುಗಿಗೆ ರಸೀದಿಯ ವ್ಯತ್ಯಾಸ ಮೊದಲು ಕಾಣುತ್ತದೆ. ಆಸ್ಪತ್ರೆಯ ದಾದಿಗೆ ಔಷಧಿಯ ಚೀಟಿಯ ಮೇಲೆ ಅನುಮಾನ ಮೊದಲು ಮೂಡುತ್ತದೆ. ಇವರ ಬಾಯಿ ಕಟ್ಟಿದ ಸಂಸ್ಥೆ ತನ್ನ ಕಣ್ಣನ್ನೇ ಕಟ್ಟಿಕೊಂಡಂತೆ.

ಕರಾವಳಿಯಲ್ಲಿ ಇದಕ್ಕೆ ಭಾಷೆಯ ತೊಡಕೂ ಸೇರುತ್ತದೆ. ಜೊತೆಗಾರರಲ್ಲಿ ತುಳು, ಗಿರಾಕಿಯೊಡನೆ ಕನ್ನಡ, ಮೇಲಧಿಕಾರಿಯೊಡನೆ ಇಂಗ್ಲಿಷ್. ತುಳುವಿನಲ್ಲಿ ಗೆಳೆಯನಿಗೆ ‘ಈ’ ಎಂದರೆ ಸಾಕು, ಹಿರಿಯರಿಗೆ ‘ಈರ್’ ಎನ್ನಲೇಬೇಕು. ಈ ಗೌರವ ನಮ್ಮ ನಾಡಿನ ಸೊಬಗು, ಅದು ಉಳಿಯಬೇಕು. ಆದರೆ ಜೊತೆಗಾರನಿಗೆ ತುಳುವಿನಲ್ಲಿ ‘ಇದು ಅಪಾಯ’ ಎಂದವನು, ಮೇಲಿನವರ ಮುಂದೆ ಪರಭಾಷೆಯ ಪದ ಹುಡುಕುತ್ತ ‘ಸ್ವಲ್ಪ ತೊಂದರೆಯಿದೆ’ ಎನ್ನುವಂತಾದರೆ, ಗೌರವದ ಮರೆಯಲ್ಲಿ ಸತ್ಯ ಸಣ್ಣದಾಗುತ್ತದೆ.

ಆದುದರಿಂದ ಹಿರಿಯ ಸ್ಥಾನದಲ್ಲಿರುವ ಬಂಧುಗಳು ಮೂರು ಸಂಗತಿಗಳನ್ನು ರೂಢಿಸಿಕೊಳ್ಳುವುದು ಒಳಿತು. ಮೊದಲನೆಯದು, ಕೆಟ್ಟ ಸುದ್ದಿ ತಂದವನನ್ನು ಅವನಿಗೆ ಸಲೀಸಾದ ಭಾಷೆಯಲ್ಲಿ ಪೂರ್ತಿಯಾಗಿ ಹೇಳಗೊಡಬೇಕು; ತಪ್ಪು ಯಾರದೆಂಬ ವಿಚಾರಣೆ ಅನಂತರದ್ದು. ಎರಡನೆಯದು, ಕೇಳಿದ ಮೇಲೆ ಏನು ಕ್ರಮ ಕೈಗೊಂಡೆವೆಂಬುದನ್ನು ಅವನಿಗೆ ತಿಳಿಸಬೇಕು. ಉತ್ತರ ಕಾಣದ ಮಾತು ಎರಡನೆಯ ಬಾರಿ ಹುಟ್ಟುವುದಿಲ್ಲ. ಮೂರನೆಯದು, ಅಪಾಯದ ಗಳಿಗೆಯಲ್ಲಿ ಕೆಲಸವನ್ನು ನಿಲ್ಲಿಸುವ ಅಧಿಕಾರ ಕಿರಿಯನಿಗೂ ಉಂಟೆಂದು ಮುಂಚಿತವಾಗಿಯೇ ಬಾಯಿಬಿಟ್ಟು ಹೇಳಿರಬೇಕು.

ಈ ರೂಢಿಗೆ ಮೊದಲ ಪಾಠಶಾಲೆ ಮನೆಯೇ. ‘ಅಪ್ಪಾ, ನೀವು ಹೇಳಿದ ಲೆಕ್ಕ ತಪ್ಪು’ ಎಂದ ಮಗುವಿಗೆ ಗದರಿಕೆ ಸಿಕ್ಕರೆ, ನಾಳೆ ಅದೇ ಮಗು ಕಚೇರಿಯಲ್ಲಿ ಮೌನಿಯಾಗುತ್ತದೆ. ‘ಎಲ್ಲಿ, ತೋರಿಸು’ ಎಂಬ ಎರಡೇ ಮಾತು ಸಿಕ್ಕರೆ, ಎಂದೋ ಒಂದು ದಿನ ಆ ಮಗುವಿನ ದನಿ ಹಲವರ ಪ್ರಾಣ ಉಳಿಸೀತು. ಲಕ್ಕಮ್ಮನವರಂತೆ ನುಡಿಯುವವರೂ ಮಾರಯ್ಯನವರಂತೆ ಕೇಳಿ ನಡೆಯುವವರೂ ನಮ್ಮ ಮನೆಗಳಿಂದಲೇ ಹೊರಡಲಿ.