ಒಲೆಯ ಮುಂದೆ ಮಕ್ಕಳು



ಮಕ್ಕಳು ಅಡಿಗೆಮನೆಗೆ ಕಾಲಿಟ್ಟರೆ “ಆಚೆ ಹೋಗು, ಒಲೆ ಸುಡುತ್ತೆ” ಅಂತ ಗದರುವುದು ರೂಢಿ. ಕೂಸಿಗೆ ಅದು ಸರಿಯೇ. ಆದರೆ ನೀವು ಕಳೆ ತೆಗೆಯಲು ಹೊಲಕ್ಕೆ ಹೋದ ಹೊತ್ತಿನಲ್ಲಿ, ಹಸಿದ ತಮ್ಮನಿಗೆ ಸಾರು ಬಿಸಿ ಮಾಡಲು ಎಂಟು ವರ್ಷದ ಅಕ್ಕ ಒಬ್ಬಳೇ ಒಲೆ ಹಚ್ಚುತ್ತಾಳಲ್ಲ! ದೊಡ್ಡವರಿಲ್ಲದಾಗ ಒಲೆ ಹಚ್ಚಕೂಡದೆಂದು ಮೊದಲು ತಿಳಿಸಿ. ಮಕ್ಕಳಿಗೂ ಬುತ್ತಿ ಕಟ್ಟಿಟ್ಟೇ ಹೊರಡಿ.

ನೀವು ಜೊತೆಗಿದ್ದಾಗ ಚಿಕ್ಕಪುಟ್ಟ ಕೆಲಸ ಕೊಡಿ. ಸಾಬೂನಿನಿಂದ ಕೈ ತೊಳೆದು, ಉದ್ದ ಹಿಡಿಯ ಸೌಟಿನಿಂದ ಕುಡಿಯುವ ನೀರು ತೆಗೆಯಲಿ. ಲೋಟ ಅದ್ದಿದರೆ ಬೆರಳಿನ ಕೊಳೆಯೂ ಕೊಡಕ್ಕಿಳಿಯುತ್ತದೆ. ನೆಲಕ್ಕೆ ಚೆಲ್ಲಿದ್ದನ್ನು ಆಗಲೇ ಒರೆಸಲಿ. ಗಂಡುಮಕ್ಕಳೂ ಒರೆಸಲಿ, ಕೈ ಸವೆಯುವುದಿಲ್ಲ.

ಬಿಸಿ ಪಾತ್ರೆಯನ್ನು ನೀವು ಸೆರಗಿನಿಂದ ಹಿಡಿದು ಇಳಿಸಿದರೆ ಮಗಳು ಲಂಗದಿಂದ ಹಿಡಿಯುತ್ತಾಳೆ. ಇಕ್ಕಳವೋ ಮಸಿಬಟ್ಟೆಯೋ ಕೈಗೆ ಸಿಗುವಲ್ಲಿರಲಿ. ಆದರೂ ಸುಟ್ಟಿತೆನ್ನಿ: 20 ನಿಮಿಷ ತಣ್ಣೀರು ಸುರಿಯುತ್ತಿರಬೇಕು. ಬೆಣ್ಣೆ, ಶಾಯಿ, ಹಲ್ಲುಜ್ಜುವ ಪೇಸ್ಟು ಯಾವುದನ್ನೂ ಹಚ್ಚಬಾರದು, ಬೊಬ್ಬೆ ಒಡೆಯಬಾರದು, ಗಾಯ ದೊಡ್ಡದಾದರೆ ಆಸ್ಪತ್ರೆಗೆ ಕರೆದೊಯ್ಯಿರಿ. ಗ್ಯಾಸಿನ ವಾಸನೆ ಬಂದರೆ ಸ್ವಿಚ್ ಮುಟ್ಟದೆ ಹೊರಗೋಡಿ ದೊಡ್ಡವರನ್ನು ಕೂಗಲು ಕಲಿಸಿ.

ಇನ್ನೊಂದು ಮಾತು ಗಂಡಸರಿಗೆ. ಬೆಳೆಗೆ ಹೊಡೆಯುವ ಔಷಧಿಯನ್ನು ಅಡಿಗೆಮನೆಯ ಲೋಟದಲ್ಲಿ ಅಳೆದು, ಉಳಿದದ್ದನ್ನು ಶರಬತ್ತಿನ ಸೀಸೆಗೆ ಹಾಕಿ ಗೂಡಿನಲ್ಲಿ ಇಡ್ತೀರಲ್ಲ, ಬಾಯಾರಿದ ಮಗುವಿಗೆ ಅದು ಶರಬತ್ತೇ. ಯಾವ ಪಾಠವೂ ಅಲ್ಲಿ ಕೆಲಸಕ್ಕೆ ಬಾರದು. ಔಷಧಿ ಅದರ ಡಬ್ಬಿಯಲ್ಲೇ, ಬೀಗದೊಳಗೆ, ಅಡಿಗೆಮನೆಯಿಂದ ದೂರವಿರಲಿ. ಅಕಸ್ಮಾತ್ ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಲು ಹೋಗದೆ, ಆ ಡಬ್ಬಿಯನ್ನೂ ಹಿಡಿದುಕೊಂಡು ಕೂಡಲೇ ಆಸ್ಪತ್ರೆಗೆ ಓಡಿ.